ಪಾನಾ ಹಿಡಿಯಬೇಕೆಂದಿದ್ದ ಕಂಡಕ್ಟರ್

ಮಾರ್ಚ್ ೩, ಸೋಮವಾರ

ಇವತ್ತು ಪಟ್ಟದಕಲ್ಲಿನ ತಿರುವಿನಲ್ಲಿ ಬಸ್ಸು ಎರಡನೇ ಗೇರಿಗೆ ಬಿದ್ದಾಗ ಕಟ್ ಎಂದು ಒಂದು ಸದ್ದು ಬಂತು. ಒಂದೇ ಸಲ. ಬಸ್ಸಿನ ತುಂಬ ಜನ, ಕೂಸುಗಳ ಅಳು, ಯಾರದೋ ಮೊಬೈಲಿನಲ್ಲಿ ಹಾಡು. ಅಷ್ಟರ ನಡುವೆಯೂ ನನ್ನ ಕಿವಿಗೆ ಬಿತ್ತು. ಟಿಕೀಟು ಕೊಡುವುದನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋಗಿ ಡ್ರೈವರ್ ಇಬ್ರಾಹಿಂಸಾಬರಿಗೆ ಹೇಳಿದೆ.

"ಕಾಕಾ, ಕ್ಲಚ್ ಪೂರಾ ಬಿಡವಲ್ದು. ಕೇಳಸ್ಲಿಲ್ಲೇನ್ರಿ?"

"ನನಗ ಕೇಳಸೂದು ಹಿಂದಿನ ಮಂದಿ ಬೈಗಳ ಅಷ್ಟ. ಹೋಗವಾ, ಸ್ಟಾಪ್ ಬಂತು, ಸೀಟಿ ಊದು."

ಸಂಜೆ ಡಿಪೋದಲ್ಲಿ ಫೋರ್‌ಮನ್ ಹೊಳಬಸಪ್ಪನವರು ನೋಡಿದಾಗ ಕ್ಲಚ್ಚಿನ ಹೊಂದಿಕೆಯೇ ತಪ್ಪಿತ್ತಂತೆ. ಗೆದ್ದೆ. ಆದರೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಿಟ್ಟರೆ "ಮುತ್ತಪ್ಪನ ಮಗಳಲ್ಲೇನ" ಎಂದು ನಕ್ಕು, ಟಿಕೀಟಿನ ಮಷೀನು ಕೈಗೆ ಕೊಟ್ಟು ಕಳಿಸುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಟೈರಿನ ಅಂಗಡಿಯವರು ಹೊಸವರ್ಷಕ್ಕೆ ಕೊಟ್ಟ ಡೈರಿ ಇದು, ಇಲ್ಲಿಯತನಕ ಖಾಲಿ ಬಿದ್ದಿತ್ತು. ಯಾರೂ ಓದುವುದಿಲ್ಲ ಎಂದ ಮೇಲೆ ಜಂಬ ಕೊಚ್ಚಿಕೊಳ್ಳಲು ಏನು ಅಡ್ಡಿ?

ಅಪ್ಪ ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಮೂರು ವರ್ಷದ ಹಿಂದೆ ಊಟದ ಹೊತ್ತಿಗೆ ಬುತ್ತಿ ಬಿಚ್ಚುವ ಮೊದಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮನೆಯ ಒಬ್ಬರಿಗೆ ನೌಕರಿ ಅಂದರು. ಅವ್ವನಿಗೆ ಓದು ಬರುವುದಿಲ್ಲ, ನನಗೆ ಕೊಟ್ಟರು. ಪಾನಾ ಹಿಡಿದು ಬೋಲ್ಟು ಬಿಚ್ಚಬೇಕಾದರೆ ಐಟಿಐ ಓದಿರಬೇಕು. ನಾನು ಓದಿದ್ದು ಪಿಯುಸಿ, ಅದೂ ಕಲಾ ವಿಭಾಗ. ಹೀಗಾಗಿ ಕಂಡಕ್ಟರ್. ಬಾದಾಮಿಯಿಂದ ಇಳಕಲ್, ಇಳಕಲ್ಲಿನಿಂದ ಬಾದಾಮಿ, ನಡುವೆ ಜಗಳ. ಪಟ್ಟದಕಲ್ಲಿನ ಜೋಹರಾಬಿ ಪೇರಲಹಣ್ಣಿನ ಬುಟ್ಟಿಯನ್ನು ನಡುದಾರಿಯಲ್ಲೇ ಇಡುತ್ತಾಳೆ. ದಿನವೂ ಬೈಯುತ್ತೇನೆ, ದಿನವೂ ಇಡುತ್ತಾಳೆ. ಇದಕ್ಕೇ ಹುಟ್ಟಿದೆನೇ ನಾನು?

ಮಾರ್ಚ್ ೧೫, ಶನಿವಾರ

ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವವರಿಂದ ಅಮೀನಗಡದಿಂದಾಚೆ ದಾರಿಯೆಲ್ಲ ತುಂಬಿದೆ. ಹೆಗಲ ಮೇಲೆ ದೇವರ ಕಂಬಿ ಹೊತ್ತವರು, ಕಾಲಿಗೆ ಬಟ್ಟೆ ಸುತ್ತಿಕೊಂಡವರು. ಹಾರ್ನ್ ಹಾಕುವುದು ಇಬ್ರಾಹಿಂಸಾಬರಿಗೆ ಸೇರುವುದಿಲ್ಲ. "ದೇವರ ಹಾದ್ಯಾಗ ನಡದಾರ, ಸರೀರಿ ಅಂತ ಹೆಂಗ ಅನ್ನೂದು?" ಎಂದು ಎತ್ತಿನ ಬಂಡಿಯಂತೆ ಬಸ್ಸು ಹೊಡೆದರು. ದಾರಿಯುದ್ದಕ್ಕೂ ಒಬ್ಬರು ಮಜ್ಜಿಗೆ ಕೊಡುತ್ತಾರೆ, ಒಬ್ಬರು ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಇಳಕಲ್ ಸ್ಟ್ಯಾಂಡಿನ ಹಿಂದಿರುವ ನವೀದನ ಗ್ಯಾರೇಜಿನ ಮುಂದೆ ಒಂದು ರಟ್ಟು ತೂಗುಹಾಕಿತ್ತು: 'ಮಲ್ಲಯ್ಯನ ಮಂದಿಯ ಗಾಡಿ ಪುಕ್ಕಟೆ ರಿಪೇರಿ'.

ನವೀದ ನನ್ನದೇ ವಯಸ್ಸಿನವನು. ಬಾಗಲಕೋಟೆಯಲ್ಲಿ ಐಟಿಐ ಮಾಡಿ, ಈಗ ಗ್ರಾನೈಟ್ ಲಾರಿಗಳ ಕೆಲಸ ಹಿಡಿದಿದ್ದಾನೆ. ನಮ್ಮ ಬಸ್ಸು ಅರ್ಧ ತಾಸು ನಿಲ್ಲುತ್ತದಲ್ಲ, ಆಗ ಅಲ್ಲಿ ಚಹಾ ಕುಡಿಯುವ ನೆಪದಲ್ಲಿ ನಿಲ್ಲುತ್ತೇನೆ. ಪಾದಯಾತ್ರಿಗಳ ಅಕ್ಕಿ, ಪಾತ್ರೆ ಹೊತ್ತ ಹಳೆಯದೊಂದು ಪಿಕಪ್ ಗಾಡಿ ಅಲ್ಲಿ ಸ್ಟಾರ್ಟ್ ಆಗದೆ ನಿಂತಿತ್ತು.

"ಡೀಸಲ್ ಪೈಪಿನ್ಯಾಗ ಗಾಳಿ ಹೊಕ್ಕೈತಿ" ಎಂದೆ.

ನವೀದ ತಿರುಗಿ ನೋಡಿದ. "ನೋಡಲಾರದ ಹೆಂಗ ಹೇಳ್ತಿ?"

"ಕೇಳಿ ಹೇಳ್ತೇನಿ."

ಅವನು ಹದಿನಾಲ್ಕರ ಪಾನಾ ನನ್ನ ಕೈಗೆ ಕೊಟ್ಟ. "ಹಂಗಾರ ತಗಿ ನೋಡೂಣು."

ಅಪ್ಪ ಮಾಡುತ್ತಿದ್ದ ಹಾಗೆಯೇ ಮಾಡಿದೆ. ಬೋಲ್ಟು ಒಂದು ಸುತ್ತು ಸಡಿಲಿಸಿ, ಕೈಪಂಪು ಒತ್ತಿ, ನೊರೆ ನೊರೆ ಡೀಸಲ್ ಹೋಗಿ ತಿಳಿ ಡೀಸಲ್ ಬರುವ ತನಕ ಕಾದು ಬಿಗಿ ಮಾಡಿದೆ. ಡ್ರೈವರ್ ಚಾವಿ ತಿರುವಿದ. ಗಾಡಿ ಎದ್ದಿತು! ಕಂಬಿಯ ಮಂದಿ "ಮಲ್ಲಯ್ಯಾ" ಎಂದು ಕೂಗಿದರು. ನನಗೂ ಕೂಗಬೇಕೆನಿಸಿತು, ಆದರೆ ಖಾಕಿ ಸೀರೆಯಲ್ಲಿದ್ದೆನಲ್ಲ.

"ಹಳೇ ಗಾಡಿ, ಅದಕ್ಕ ನಡೀತು. ಹೊಸಾವಕ್ಕ ಹಿಂಗ ಕೈ ಹಾಕಬ್ಯಾಡ ಮತ್ತ" ಎಂದ ನವೀದ. ಹೊಟ್ಟೆಕಿಚ್ಚು, ಮತ್ತೇನು? ಆದರೆ ಹೋಗುವಾಗ ಇನ್ನೊಂದು ಮಾತೂ ಹೇಳಿದ. "ಐಟಿಐ ಮಾಡವಾ. ಮೆಕ್ಯಾನಿಕ್ ಮೋಟಾರ್ ವೆಹಿಕಲ್, ಎರಡು ವರ್ಷ. ಹತ್ತನೇತ್ತೆ ಪಾಸಾದ್ರ ಸಾಕು. ವಯಸ್ಸು ಯಾರೂ ಕೇಳೂದಿಲ್ಲ."

ಮರಳಿ ಬರುವಾಗ ಟಿಕೀಟಿನ ಕಾಗದದ ಮೇಲೆಲ್ಲ ನನ್ನ ಡೀಸಲ್ ಬೆರಳು ಮೂಡಿದವು. ಕೈ ತೊಳೆದುಕೊಳ್ಳಲಿಲ್ಲ. ಮಲಗುವ ಮೊದಲು ಮೂಸಿ ನೋಡಿದೆ, ಅಪ್ಪ ಮನೆಗೆ ಬಂದಂತಾಯಿತು.

ಏಪ್ರಿಲ್ ೬, ರವಿವಾರ

ನನ್ನನ್ನು ನೋಡಲು ಹುನಗುಂದದಿಂದ ಬಂದಿದ್ದರು. ಹುಡುಗನ ಹೆಸರು ಕಾಶಪ್ಪ, ರಸಗೊಬ್ಬರದ ಅಂಗಡಿ. ಪಾಪ, ಅವನು ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತೆಲ್ಲ ಅವನ ಸೋದರಮಾವನದು.

"ನೌಕರಿ ಪಕ್ಕಾ ಆಗೇತಲ್ಲವಾ?"

"ನೌಕರಿ ಪಕ್ಕಾ ಆಗೇತ್ರಿ. ನಾ ಪಕ್ಕಾ ಆಗಿಲ್ಲ."

ಅವ್ವ ಒಳಗಿಂದ ಕೆಮ್ಮಿದಳು. ಹುನಗುಂದಕ್ಕೆ ವರ್ಗ ಮಾಡಿಸಿಕೊಳ್ಳಲು ಬರುತ್ತದೆಯೇ, ಮಗುವಾದರೆ ರಜೆ ಎಷ್ಟು ಎಂದೆಲ್ಲ ಕೇಳಿದರು. ನನ್ನ ಹೆಸರು ಶಿವಗಂಗಾ ಎನ್ನುವುದನ್ನು ಮಾತ್ರ ಎರಡು ಸಲ ಮರೆತರು. ಅವರು ನೋಡಲು ಬಂದದ್ದು ನನ್ನನ್ನಲ್ಲ, ನನ್ನ ನೌಕರಿಯನ್ನು. ಬೆಲ್ಲ ಇದ್ದಲ್ಲಿ ನೊಣ ಬರುತ್ತವೆ. ಆ ಬೆಲ್ಲವನ್ನು ಅಪ್ಪ ಏನು ಕೊಟ್ಟು ತಂದನೆಂದು ಯಾರೂ ಕೇಳಲಿಲ್ಲ.

ಏಪ್ರಿಲ್ ೨೦, ರವಿವಾರ

ಅಪ್ಪ ಬರಬೇಕು. ಒಂದು ದಿನಕ್ಕೆ ಸಾಕು. ಸಣ್ಣವಳಿದ್ದಾಗ ರಜೆಯ ದಿನ ನನ್ನನ್ನು ಡಿಪೋಗೆ ಕರೆದೊಯ್ದು, ಕೆಲಸದ ಗುಂಡಿಯ ದಂಡೆಗೆ ಕೂಡಿಸುತ್ತಿದ್ದ. ಗುಂಡಿಯ ಮೇಲೆ ಬಸ್ಸು, ಬಸ್ಸಿನ ಕೆಳಗೆ ಅಪ್ಪ. ಉದ್ದನೆಯ ಸ್ಕ್ರೂ ಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ನನ್ನ ಕಿವಿಗೆ ಹಚ್ಚಿಸಿ "ಹೇಳು, ಎಲ್ಲಿ ಬಡೀತೈತಿ?" ಎನ್ನುತ್ತಿದ್ದ. ತಪ್ಪು ಹೇಳಿದರೆ ನಗುತ್ತಿರಲಿಲ್ಲ. "ಮತ್ತ ಕೇಳು" ಎನ್ನುತ್ತಿದ್ದ ಅಷ್ಟೇ. ಸರಿ ಹೇಳಿದ ದಿನ ಡಿಪೋದ ಮುಂದಿನ ಅಂಗಡಿಯಲ್ಲಿ ಗಿರ್ಮಿಟ್.

ಆದರೆ ಪಾನಾ ಮಾತ್ರ ಎಂದೂ ಕೈಗೆ ಕೊಡಲಿಲ್ಲ. "ನಿನ್ನ ಕೈ ಹೊಲಸ ಆಗಬಾರದು" ಎನ್ನುತ್ತಿದ್ದ. ಮತ್ತೆ ಯಾಕೆ ಕಿವಿ ಕಲಿಸಿದೆ ಅಪ್ಪಾ? ಕಿವಿ ಕೊಟ್ಟು ಕೈ ಕಟ್ಟಿಹಾಕಿದರೆ ಮನುಷ್ಯ ಏನು ಮಾಡಬೇಕು? ಬಸ್ಸು ದಾರಿಯಲ್ಲಿ ನಿಂತಾಗಲೆಲ್ಲ ಕಂಡಕ್ಟರ್ ಕೆಳಗಿಳಿದು ಮಂದಿಯ ಜೊತೆ ಬೇವಿನ ನೆರಳಿಗೆ ನಿಲ್ಲಬೇಕು. ಡಿಪೋದ ಜೀಪು ಬರುವ ತನಕ ಕಾಯಬೇಕು. ಒಳಗಿನ ಬೇನೆ ಏನೆಂದು ಗೊತ್ತಿದ್ದೂ ಸುಮ್ಮನೆ ನಿಲ್ಲುವುದು ಎಂಥ ಸಂಕಟ ಎಂದು ಯಾರಿಗೆ ಹೇಳಲಿ?

ಮೇ ೯, ಶುಕ್ರವಾರ

ಅವ್ವನಿಗೆ ಹೇಳಿಬಿಟ್ಟೆ. ಇರಲಾರದೆ ಇರುವೆ ಬಿಟ್ಟುಕೊಂಡೆ.

ನಮ್ಮವ್ವ ರಂಗವ್ವ ನಮ್ಮೂರು ಚೊಳಚಗುಡ್ಡದ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ಮನೆಯಲ್ಲಿ ಆಡು ಸಾಕಿದ್ದಾಳೆ. ಸಂಜೆ ಆಡುಗಳನ್ನು ಕಟ್ಟಿ ಬಂದು ಕೂತಾಗ, ಲೆಕ್ಕ ಒಪ್ಪಿಸುವವಳ ಹಾಗೆ ಒಂದೊಂದೇ ಹೇಳಿದೆ. ಎರಡು ವರ್ಷ ಬಾಗಲಕೋಟೆಯಲ್ಲಿ ಐಟಿಐ. ಆಮೇಲೆ ಒಂದು ವರ್ಷ ಅಪ್ರೆಂಟಿಸ್. ಆಮೇಲೆ ಇಳಕಲ್ಲಿನ ಲಾರಿ ಗ್ಯಾರೇಜು, ಇಲ್ಲವೇ ಮತ್ತೆ ಡಿಪೋಗೆ ಅರ್ಜಿ, ಈ ಸಲ ಮೆಕ್ಯಾನಿಕ್ ಎಂದು. ಕೈಯಲ್ಲಿ ಕಸುಬಿದ್ದರೆ ಎಲ್ಲಿ ಹೋದರೂ ಅನ್ನ.

"ಮತ್ತ ಈಗಿನ ನೌಕರಿ?"

"ಬಿಡಬೇಕಾಕ್ಕೈತಿ."

"ಬಿಟ್ಟರ ಮತ್ತ ಕೊಡ್ತಾರೇನ?"

"ಇಲ್ಲ. ಅಪ್ಪನ ಹೆಸರಿನ್ಯಾಗ ಒಮ್ಮೆ ಅಷ್ಟ ಕೊಡೂದು."

ಅವ್ವ ಎದ್ದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮಪ್ಪನ್ನ ಕೊಟ್ಟು ಆ ನೌಕರಿ ತಂದೀನಿ ನಾ" ಎಂದಳು. "ಅದನ್ನ ನೀ ಬೀದಿಗೆ ಒಗದ ಬಂದ್ರ, ಅಂವ ಸುಮ್ನ ಸತ್ತಂಗ ಆತು."

ನಾನು ಎದ್ದು ಆಡುಗಳಿಗೆ ನೀರಿಡಲು ಹೋದೆ. 

ಮೇ ೧೦

ನಾನು ಏಳುವ ಮೊದಲೇ ಅವ್ವ ಆಡು ಹೊಡೆದುಕೊಂಡು ಹೋಗಿದ್ದಳು. ಬುತ್ತಿ ಮಾತ್ರ ಕಟ್ಟಿಟ್ಟಿದ್ದಳು.

ಜೂನ್ ೧೨, ಗುರುವಾರ

ನಿನ್ನೆ ವಾರದ ರಜೆ ಇತ್ತು. ಬಾದಾಮಿಯಲ್ಲಿ ಬಟ್ಟೆ ತರುತ್ತೇನೆಂದು ಸುಳ್ಳು ಹೇಳಿ ಬಾಗಲಕೋಟೆಗೆ ಹೋಗಿ ಅರ್ಜಿ ಹಾಕಿ ಬಂದೆ. ಕಂಪ್ಯೂಟರ್ ಅಂಗಡಿಯವನು "ತಮ್ಮಗ ಏನ್ರಿ?" ಎಂದ. ನನಗೇ ಎಂದಾಗ ಕನ್ನಡಕ ಏರಿಸಿ ನೋಡಿದ. ಐಟಿಐ ಗೇಟಿನ ಹೊರಗೆ ಬಹಳ ಹೊತ್ತು ನಿಂತೆ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಜಾತ್ರೆಗೆ ಬಂದ ಮಗು ಮಿಠಾಯಿ ಅಂಗಡಿ ನೋಡುವ ಹಾಗೆ ಗೇಟಿನ ಸರಳು ಹಿಡಿದು ನೋಡಿದೆ. ನಗು ಬಂತು, ಅಳುವೂ ಬಂತು.

ಇವತ್ತು ಬಸ್ಸಿನಲ್ಲಿ ಇಬ್ರಾಹಿಂಸಾಬರಿಗೆ ಒಬ್ಬರಿಗೇ ಹೇಳಿದೆ. ಅವರು ಅಪ್ಪನಿಗೂ ಗೆಳೆಯರು. "ಹುಚ್ಚಿ" ಎಂದರು. ಅಮೀನಗಡ ದಾಟಿದ ಮೇಲೆ "ಸೀಟ್ ಸಿಕ್ಕರ ಮೊದಲ ನನಗ ಹೇಳು" ಎಂದರು.

ಜುಲೈ ೨, ಬುಧವಾರ

ಜೋಹರಾಬಿ ಇವತ್ತೂ ಬರಲಿಲ್ಲ. ಪಟ್ಟದಕಲ್ಲಿನಲ್ಲಿ ಬಸ್ಸು ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲಿಸಿದೆ. ಮಂದಿ ಬೈದರು. ಬೈಯಲಿ. ಅವಳ ಮೊಮ್ಮಗಳು ಆಫ್ರೀನಾ ಬುಟ್ಟಿ ಹೊತ್ತು ನಿಂತಿದ್ದಳು; ಕೇಳಿದರೆ, ಅಜ್ಜಿಯ ಮೊಣಕಾಲು ಹಿಡಿದುಕೊಂಡಿದೆ ಎಂದಳು. ಬುಟ್ಟಿಯನ್ನು ನಾನೇ ಹತ್ತಿಸಿಕೊಂಡು ಅಮೀನಗಡದ ಅಂಗಡಿಗೆ ಇಳಿಸಿಕೊಟ್ಟೆ. ಡ್ರೈವರ್ ಸೀಟಿನ ಹಿಂದೆ ಇಟ್ಟರೆ ಯಾರಿಗೂ ಅಡ್ಡಿಯಾಗುವುದಿಲ್ಲ. ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಇಂಜಿನ್ನಿನಲ್ಲಿ ಏನೋ ಸಣ್ಣ ಸದ್ದಿತ್ತು. ಮಂದಿಯ ಗಡಿಬಿಡಿಯಲ್ಲಿ ಸರಿಯಾಗಿ ಕೇಳಲಾಗಲಿಲ್ಲ.

ಜುಲೈ ೨೨, ಮಂಗಳವಾರ

ಸೀಟು ಸಿಕ್ಕಿತು. ಮೆಕ್ಯಾನಿಕ್ ಮೋಟಾರ್ ವೆಹಿಕಲ್. ಆಗಸ್ಟ್ ಮೊದಲ ವಾರದೊಳಗೆ ಹೋಗಿ ಸೇರಬೇಕು.

ಇಬ್ರಾಹಿಂಸಾಬರು ಇಳಕಲ್ಲಿನಲ್ಲಿ ಪೇಡೆ ಕೊಡಿಸಿದರು. "ರಂಗವ್ವಗ ಹೇಳಿಯೇನು?" ಎಂದರು. ಇಲ್ಲವೆಂದು ತಲೆ ಅಲ್ಲಾಡಿಸಿದೆ. ಪೇಡೆಯನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಅಪ್ಪನನ್ನು ಕೊಟ್ಟು ತಂದ ನೌಕರಿ ಈ ಕಡೆ, ಅಪ್ಪ ಕಲಿಸಿದ ಕಿವಿ ಆ ಕಡೆ. ಎರಡೂ ಅಪ್ಪನವೇ. ಯಾವುದನ್ನು ಬಿಡಲಿ?

ಜುಲೈ ೨೭, ರವಿವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಾಡಿದ್ದು ಪಂಚಮಿ. ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಿದ್ದಾರೆ. ಟಿಕೀಟು ಪುಕ್ಕಟೆ ಆದಮೇಲೆ ಕೇಳಬೇಕೇ, ಕಾಲಿಡಲು ಜಾಗವಿಲ್ಲ. ಎಲ್ಲರ ಕೈಯಲ್ಲೂ ಉಂಡಿಯ ಡಬ್ಬಿ. ನಮ್ಮ ಹಳೇ ಬಸ್ಸು ಇಂಜಿನ್ ಕೆಲಸಕ್ಕೆ ನಿಂತಿದೆ, ಹೊಸ ಬಸ್ಸು ಕೊಟ್ಟಿದ್ದರು. ಒಳ್ಳೇ ಗಾಡಿ, ಸದ್ದೇ ಇಲ್ಲ. ಅದೇ ನನಗೆ ಸೇರಲಿಲ್ಲ.

ಅಮೀನಗಡ ದಾಟಿ ಸ್ವಲ್ಪ ದೂರ ಹೋದ ಮೇಲೆ ಡ್ರೈವರಿನ ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿತು. ಇಂಜಿನ್ ಎರಡು ಸಲ ತಡವರಿಸಿ ನಿಂತೇಬಿಟ್ಟಿತು. ಚಾವಿ ತಿರುವಿದರೆ ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ. ಇಬ್ರಾಹಿಂಸಾಬರು ಡಿಪೋಗೆ ಫೋನ್ ಮಾಡಿದರು. ಹಬ್ಬದ ಗದ್ದಲ, ಜೀಪು ಬರಲು ತಡವಾಗುತ್ತದೆ ಅಂದರಂತೆ. ಹೆಂಗಸರೆಲ್ಲ ಕೆಳಗಿಳಿದರು. ಸುತ್ತ ಸೂರ್ಯಕಾಂತಿ ಹೊಲ, ಒಂದು ಗಿಡದ ನೆರಳಿಲ್ಲ. ಮದುವೆಯಾಗಿ ಮೊದಲ ಪಂಚಮಿಗೆ ಹೊರಟ ಹುಡುಗಿಯೊಬ್ಬಳು "ಅಕ್ಕಾ, ನಮ್ಮಣ್ಣ ಇಳಕಲ್ ಸ್ಟ್ಯಾಂಡಿನ್ಯಾಗ ನಿಂತಾನ, ಎಷ್ಟೊತ್ತ ಆಕ್ಕೈತಿ?" ಎಂದು ಮೂರು ಸಲ ಕೇಳಿದಳು. ಮೂರನೇ ಸಲಕ್ಕೆ ನನ್ನ ತಲೆ ಕೆಟ್ಟಿತು.

"ಕಾಕಾ, ಪಾನಾ ಎಲ್ಲೈತಿ? ಡೀಸಲ್‌ನ್ಯಾಗ ಗಾಳಿ ಹೊಕ್ಕೈತಿ. ತಗದ ಬಿಡ್ತೇನಿ."

"ಬ್ಯಾಡ ಬೇಟಾ. ಕಂಡಕ್ಟರ್ ಮುಟ್ಟಂಗಿಲ್ಲ."

"ಅಪ್ಪ ಇದ್ದಿದ್ರ ಸುಮ್ನ ನಿಂದರ್ತಿದ್ನೇನ್ರಿ?"

ಅಪ್ಪನ ಹೆಸರು ತೆಗೆದರೆ ಅವರು ಇಲ್ಲ ಎನ್ನುವುದಿಲ್ಲ. ಅದು ಗೊತ್ತಿದ್ದೇ ತೆಗೆದೆ. ಪಾನಾ ಕೊಟ್ಟರು. ಕೈಗೆ ಸಿಕ್ಕ ಪೈಪಿನ ಬೋಲ್ಟು ಸಡಿಲಿಸಿ "ಹೊಡೀರಿ" ಎಂದೆ. ಅವರು ಚಾವಿ ತಿರುವಿದರು. ಡೀಸಲ್ ಪಿಚಕಾರಿಯಂತೆ ಹಾರಿ ನನ್ನ ತೋಳು, ಸೀರೆ, ಮುಖವೆಲ್ಲ ತೊಯ್ದಿತು. ಕಣ್ಣು ಸ್ವಲ್ಪದರಲ್ಲಿ ಉಳಿಯಿತು. ಬಿಗಿ ಮಾಡಲು ಹೋದರೆ ಬೋಲ್ಟು ಓರೆ ಹತ್ತಿ, ಸುತ್ತುಗೆರೆಯ ಚೂಡಿ ಕೆಟ್ಟು ಕೂಡದಾಯಿತು. ಮತ್ತೆ ತಿರುವಿದರು, ಮತ್ತೆ ತಿರುವಿದರು, ಬ್ಯಾಟರಿಯೂ ಸೋತಿತು. ಹೆಂಗಸರು ದೂರ ನಿಂತು ನೋಡುತ್ತಿದ್ದರು. ಯಾರೂ ನಗಲಿಲ್ಲ, ಅದೇ ಹೆಚ್ಚು ಅವಮಾನ.

ಕೊನೆಗೆ ಹೊಳಬಸಪ್ಪನವರೇ ಜೀಪಿನಲ್ಲಿ ಬಂದರು. ಅಂಗೈಯಗಲದ ಮಷೀನು ತೆಗೆದು ವೈರು ಸಿಕ್ಕಿಸಿ ನೋಡಿ, ಬಗ್ಗಿ ಇಂಜಿನ್ನಿನ ಮಗ್ಗುಲಲ್ಲಿ ಏನನ್ನೋ ಒತ್ತಿದರು. "ಒಂದ ವೈರಿನ ಪಿನ್ ಸಡ್ಲ ಆಗಿತ್ತು. ಇಷ್ಟ ಆಗಿದ್ರ ಈಗ ಹೋಗಬಹುದಿತ್ತು." ಆಮೇಲೆ ತೊಯ್ದ ಪೈಪು ನೋಡಿ ಮುಖ ಗಂಟು ಹಾಕಿದರು. "ಇದನ್ನ ಯಾರು ಬಿಚ್ಚಿದರು?"

"ನಾ ಬಿಚ್ಚಿದೆ" ಎಂದರು ಇಬ್ರಾಹಿಂಸಾಬರು.

ನಾನು ತೊಯ್ದ ಸೀರೆಯಲ್ಲಿ ಅಲ್ಲೇ ನಿಂತಿದ್ದೆ.  ಬಸ್ಸನ್ನು ಕಟ್ಟಿ ಎಳೆದುಕೊಂಡು ಹೋದರು. ಹೆಂಗಸರನ್ನು ಬಂದ ಬಂದ ಬಸ್ಸಿಗೆ ನಾಲ್ಕೈದು ಜನರಂತೆ ಹತ್ತಿಸಿದೆ. ಕೊನೆಗೆ ಉಳಿದ ಮುದುಕಿಯೊಬ್ಬಳು ಡಬ್ಬಿ ಬಿಚ್ಚಿ ಶೇಂಗಾದ ಉಂಡಿ ಕೊಟ್ಟು, "ತಿನ್ನವಾ, ಮುಂಜಾನಿಂದ ನೀರ ಸುದ್ದಾ ಕುಡದಿಲ್ಲ ನೀ" ಎಂದಳು. ಡೀಸಲ್ ಕೈಯಲ್ಲೇ ತಿಂದೆ. ಮನೆಗೆ ಬಂದು ಸಾಬೂನು ಹಚ್ಚಿ ಎರಡು ಸಲ ಕೈ ತೊಳೆದೆ.

ಜುಲೈ ೨೮, ಸೋಮವಾರ

ಇಬ್ರಾಹಿಂಸಾಬರಿಗೆ ನೋಟಿಸು ಬರುತ್ತದೆ ಎಂದು ಗೊತ್ತಾಯಿತು. "ನನ್ನ ಚರ್ಮ ದಪ್ಪೈತಿ, ನೀ ಸುಮ್ನಿರು. ಐಟಿಐಗೆ ಹೋಗಾಕಿ, ಹೆಸರ ಕೆಡಿಸ್ಕೋಬ್ಯಾಡ" ಎಂದರು. ಅವರ ಮಾತು ಮುಗಿಯುವ ಮೊದಲೇ ಫೋರ್‌ಮನ್ ಕೋಣೆಗೆ ಹೋಗಿ, ಬಿಚ್ಚಿದವಳು ನಾನು ಎಂದೆ.

ಹೊಳಬಸಪ್ಪನವರು ಪೆನ್ನು ಕೆಳಗಿಟ್ಟರು. "ಗೊತ್ತೈತಿ. ಇಬ್ರಾಹಿಂಸಾಬ ಇಷ್ಟ ವರ್ಷದಾಗ ಒಂದ ಬೋಲ್ಟ್ ಮುಟ್ಟಿಲ್ಲ. ಆ ಪದ್ಧತಿ ಮುತ್ತಪ್ಪಂದು."

"ಅಪ್ಪ ಹಂಗ ಮಾಡ್ತಿದ್ನಲ್ರಿ."

"ಹಳೇ ಗಾಡಿಗೆ ಮಾಡ್ತಿದ್ದ. ಇದರಾಗಿನ ಪೈಪಿನ್ಯಾಗ ಡೀಸಲ್ ಎಷ್ಟ ಜೋರಿಂದ ಇರತೈತಿ ಗೊತ್ತೇನ? ಇಂಜಿನ್ ಹತ್ತಿದ್ರ ನಿನ್ನ ಕೈ ಕೊಯ್ದ ಹೋಗತಿತ್ತು. ಅಪ್ಪ ಹಚ್ಚಿದ ಆಲದ ಗಿಡ ಅಂತ ಅದಕ್ಕ ಉರುಲ ಹಾಕ್ಕೋತಾರೇನವಾ?"

ನೋಟಿಸು ನನ್ನ ಹೆಸರಿಗೆ ಬರುತ್ತದೆ. ಬರಲಿ. ಹೊರಗೆ ಬಂದಾಗ ಮನಸ್ಸು ಹಗುರವಾಗಲಿಲ್ಲ. ನನಗೆ ಬರುತ್ತದೆ ಎಂದುಕೊಂಡಿದ್ದೆನಲ್ಲ, ಅದೇ ಬರುವುದಿಲ್ಲ. ಇದ್ದ ಒಂದು ಆಸ್ತಿಯೂ ಹೋಯಿತು.

ಜುಲೈ ೨೯, ಪಂಚಮಿ

ಅವ್ವ ಉಂಡಿ ಕಟ್ಟುತ್ತಿದ್ದಳು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಅರ್ಜಿ ಹಾಕಿದ್ದು, ಸೀಟು ಸಿಕ್ಕಿದ್ದು, ಬಸ್ಸು ಕೆಡಿಸಿದ್ದು, ನೋಟಿಸು. ಕೊನೆಗೆ, "ಬಿಡವಾ, ನಾ ಹೋಗೂದಿಲ್ಲ. ನನಗೇನೂ ಬರೂದಿಲ್ಲ, ಟಿಕೀಟ್ ಕೊಡೂದ ಲೇಸು" ಎಂದೆ. ಅಳಬಾರದೆಂದಿದ್ದೆ, ಅತ್ತೆ.

ಅವ್ವ ಕೈಯಲ್ಲಿದ್ದ ಉಂಡಿ ಕಟ್ಟಿ ಮುಗಿಸಿದಳು. ಆಮೇಲೆ ಕೈ ಒರೆಸಿಕೊಂಡಳು.

"ನಿಮ್ಮಪ್ಪನೂ ಹಿಂಗ ಅತ್ತಿದ್ದ."

ಅಪ್ಪ ಅತ್ತದ್ದನ್ನು ನಾನು ಎಂದೂ ನೋಡಿಲ್ಲ.

"ಹೊಸ ಗಾಡಿ ಬಂದ ವರ್ಷ" ಎಂದಳು. "ಕಂಪನಿಯವರು ಕಲಸಾಕ ಬಂದಿದ್ರಂತ. ಎಲ್ಲಾ ಇಂಗ್ಲಿಷ್‌ನ್ಯಾಗ, ಪರದಿ ಮ್ಯಾಲೆ. ಇಂವ ಓದಿದ್ದು ಏಳನೇತ್ತೆ. ಹಿಂದ ಕುಂತು ಬಂದ. ಆಮ್ಯಾಲ ಹೊಸ ಗಾಡಿ ಬಂದ್ರ ಬ್ಯಾರೆ ಹುಡುಗರಿಗೆ ಕೊಟ್ಟು ತಾ ಹಿಂದ ಕೈ ಕಟಗೊಂಡ ನಿಂದರತಿದ್ದ. ಒಂದಿನ ಮನಿಗೆ ಬಂದು, 'ರಂಗಾ, ಗಾಡಿ ನನ್ನ ಜೋಡಿ ಮಾತಾಡೂದ ಬಿಟ್ಟಾವ' ಅಂದ. ಊಟಾ ಮಾಡಲಿಲ್ಲ. ಅವತ್ತಿಂದ ಅಂವ ಹಂಗ ಕರಗಿದ. ಎದಿ ಒಡದದ್ದು ಆಮ್ಯಾಲ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಅಂವನ್ನ ದೊಡ್ಡಾಂವ ಅಂತ ತಿಳಕೊಂಡಿದ್ದಿ. ಹಂಗ ಇರಲಿ ಅಂದೆ." ಅವ್ವನ ದನಿ ಒಡೆಯಿತು. "ನಾ ಬರೇ ನೌಕರಿ ಸಲುವಾಗಿ ಬ್ಯಾಡ ಅಂದಿದ್ದಲ್ಲವಾ. ನೀನೂ ಅರ್ಧಾ ಕಲತು, ಅಂವನಂಗ ಒಂದಿನ ಹಿಂದ ನಿಂದರಬೇಕಾಕ್ಕೈತಿ ಅಂತ ಅಂಜಿದೆ."

ಇಬ್ಬರೂ ಅತ್ತೆವು. ಅಪ್ಪ ಸತ್ತಾಗಲೂ ಹೀಗೆ ಕೂಡಿ ಅತ್ತಿರಲಿಲ್ಲ, ಆಗ ಮನೆ ತುಂಬ ಮಂದಿ ಇದ್ದರು.

ಆಮೇಲೆ ಅವ್ವ ಒಂದು ಉಂಡಿ ನನ್ನ ಕೈಯಲ್ಲಿಟ್ಟು, "ಹೋಗು" ಎಂದಳು. "ಹೋದ್ರ ಪೂರಾ ಕಲಿ. ಇಂಗ್ಲಿಷ್ ಆಗಲಿ, ಮಷೀನ ಆಗಲಿ, ಯಾವದಕ್ಕೂ ಹಿಂದ ಸರೀಬ್ಯಾಡ."

ಆಗಸ್ಟ್ ೪, ಸೋಮವಾರ

ರಾಜೀನಾಮೆ ಕೊಟ್ಟೆ. ನೋಟಿಸಿಗೆ ಅಂಜಿ ಓಡಿದಳು ಎನ್ನುತ್ತಿದ್ದಾರಂತೆ. ಅನ್ನಲಿ, ಮಂದಿಯ ಬಾಯಿಗೆ ಬೀಗ ಎಲ್ಲಿಂದ ತರುವುದು? ಹುನಗುಂದದ ಸೋದರಮಾವ ಮಧ್ಯಸ್ಥರ ಕೈಯಲ್ಲಿ ಹೇಳಿಕಳಿಸಿದ, ಅವರ ಕಡೆಯಿಂದ ಸಂಬಂಧ ಮುರಿಯಿತಂತೆ. ಕೂಡಿದ್ದು ಯಾವಾಗ?

ಇವತ್ತು ನನ್ನ ಕೊನೆಯ ಟ್ರಿಪ್ಪು. ಜೋಹರಾಬಿ ಕೋಲೂರಿಕೊಂಡು ಬಂದಿದ್ದಳು. ಬುಟ್ಟಿ ಹತ್ತಿಸಿಕೊಟ್ಟೆ. ಸಾಲೆ ಹುಡುಗರು ನೇತಾಡುತ್ತಿದ್ದರು, ಒಳಗೆ ಹಾಕಿದೆ. ಚಿಲ್ಲರೆಗಾಗಿ ಒಬ್ಬನ ಜೊತೆ ಜಗಳವಾಡಿದೆ. ಎಲ್ಲ ದಿನದ ಹಾಗೆಯೇ ಇತ್ತು, ಆದರೆ ಪ್ರತಿ ಸ್ಟಾಪಿನಲ್ಲೂ ಸೀಟಿ ಊದುವುದನ್ನು ತಡಮಾಡಿದೆ. ಇಷ್ಟು ದಿನ ಈ ಬಸ್ಸಿನಿಂದ ಇಳಿಯಬೇಕೆಂದು ಎಷ್ಟು ಹಂಬಲಿಸಿದ್ದೆ. ಇಳಿಯುವ ದಿನ ಇಷ್ಟು ಬೇಗ ಬಾದಾಮಿ ಯಾಕೆ ಬಂತು?

"ಇನ್ನ ಬರೂ ಕಂಡಕ್ಟರ್ ಗೇರ್ ಸಪ್ಪಳ ಕೇಳೂದಿಲ್ಲ. ಹಾಯಾಗಿರ್ತೇನಿ" ಎಂದರು ಇಬ್ರಾಹಿಂಸಾಬರು. ಹೇಳಿ, ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರಲ್ಲ, ನನಗೆ ಗೊತ್ತು.

ಆಗಸ್ಟ್ ೧೧, ಸೋಮವಾರ

ಹೋದ ವಾರವೇ ಐಟಿಐಗೆ ಹೆಸರು ಹಚ್ಚಿ ಬಂದಿದ್ದೆ, ಇವತ್ತು ಕ್ಲಾಸಿನ ಮೊದಲ ದಿನ. ದೊಡ್ಡ ಶೆಡ್ಡು, ನಡುವೆ ಸ್ಟ್ಯಾಂಡಿನ ಮೇಲೆ ಬಿಚ್ಚಿದ ಇಂಜಿನ್ನು. ಸುತ್ತ ಹದಿನಾರು, ಹದಿನೇಳರ ಹುಡುಗರು. ಮೊದಲು ನನ್ನನ್ನು ಮೇಡಂ ಎಂದುಕೊಂಡು ಎದ್ದು ನಿಂತರು. ಆಮೇಲೆ ನಾನೂ ಅವರಂತೆಯೇ ಎಂದು ಗೊತ್ತಾಗಿ, ನಗುವುದೋ ಬಿಡುವುದೋ ತಿಳಿಯದೆ ಕೂತರು. ನಾನು ಹಿಂದೆ, ಗೋಡೆಯ ಹತ್ತಿರ ನಿಂತೆ. ಹೊರಗೆ ದಾರಿಯಲ್ಲಿ ಯಾವುದೋ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಯಾವ ಬಸ್ಸೋ ಎಂದು ಇಣುಕಿ ನೋಡಿದೆ.

ಸೋಮಲಿಂಗ ಎನ್ನುವ ಮೇಷ್ಟ್ರು ಒಬ್ಬೊಬ್ಬರನ್ನೇ ಹೆಸರು ಕೇಳಿ, ಏನು ಬರುತ್ತದೆ ಎಂದು ಕೇಳುತ್ತ ಬಂದರು. ಒಬ್ಬನಿಗೆ ಬೈಕ್ ಬಿಚ್ಚಲು ಬರುತ್ತದಂತೆ, ಒಬ್ಬ ಟ್ರ್ಯಾಕ್ಟರ್ ಇಂಜಿನ್ ಇಳಿಸಿದ್ದಾನಂತೆ. ಸದ್ದು ಕೇಳಿಯೇ ಹೇಳುತ್ತೇನೆ ಎಂದ ಇನ್ನೊಬ್ಬ. ಅವನನ್ನು ನೋಡಿ ನನಗೆ ಸಿಟ್ಟೂ ಬಂತು, ಮುದ್ದೂ ಬಂತು.

"ನಿನಗವಾ?"

"ನನಗೇನೂ ಬರೂದಿಲ್ರಿ. ಕಲಿಯಾಕ ಬಂದೇನಿ."

"ಮೊದಲ ಏನ ಮಾಡ್ತಿದ್ದಿ?"

"ಕಂಡಕ್ಟರ್ ಇದ್ದೆರಿ."

"ಸರಕಾರಿ ನೌಕರಿ ಬಿಟ್ಟ ಬಂದ್ಯಾ? ಯಾಕ?"

ಹುಡುಗರೆಲ್ಲ ತಿರುಗಿ ನೋಡಿದರು. ಈ ಪ್ರಶ್ನೆಗೆ ಚೊಳಚಗುಡ್ಡದಿಂದ ಬರುವಾಗ ದಾರಿಯುದ್ದಕ್ಕೂ ದೊಡ್ಡ ದೊಡ್ಡ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಅವನ್ನೆಲ್ಲ ಬಿಟ್ಟೆ.

"ಗಾಡಿ ನಿಂತಾಗ ಸುಮ್ನ ದೂರ ನಿಂದರೂದು ನನಗ ಆಗವಲ್ದಾತ್ರಿ" ಎಂದೆ.

 ಮೇಷ್ಟ್ರು ಇಂಜಿನ್ನಿನ ಪಕ್ಕದಲ್ಲಿದ್ದ ಹುಡುಗರನ್ನು ಸರಿಸಿ ಜಾಗ ಮಾಡಿ, "ಹಂಗಾರ ಗ್ವಾಡಿ ಹಿಡಕೊಂಡ ಯಾಕ ನಿಂತಿ? ಮುಂದ ಬಾ" ಎಂದರು.